ಸಂತ ಸ್ತೇಫನರ ಹಬ್ಬದ ಕಾಲ್ಚೆಂಡು

ಕ್ರಿಸ್ತಜಯಂತಿಯ ಮರುದಿನ ಬಲಿಪೂಜೆಗೆ ಸಿದ್ಧನಾಗುವ ಗುರುವಿನ ಮನಸ್ಸಿಗೆ ಪ್ರತಿವರ್ಷವೂ ಒಂದು ಸಣ್ಣ ತಳಮಳ. ಹಿಂದಿನ ದಿನ ಧರಿಸಿದ್ದ ಶ್ವೇತವಸ್ತ್ರವನ್ನು ಮಡಿಸಿಟ್ಟು ಕೆಂಪು ವಸ್ತ್ರವನ್ನು ತೊಡಬೇಕು. ಗೋದಲಿಯ ಹುಲ್ಲು ಇನ್ನೂ ಒಣಗಿರುವುದಿಲ್ಲ. ನಕ್ಷತ್ರದ ದೀಪ ಇನ್ನೂ ಉರಿಯುತ್ತಿರುತ್ತದೆ. ಆದರೆ ಅಂದಿನ ವಾಚನದಲ್ಲಿ ಕಲ್ಲುಗಳು ಬೀಳುತ್ತವೆ. ಧರ್ಮಸಭೆಯ ಮೊದಲ ರಕ್ತಸಾಕ್ಷಿ ಸಂತ ಸ್ತೇಫನರು ಮೊಣಕಾಲೂರಿ, ತಮ್ಮನ್ನು ಕೊಲ್ಲುವವರಿಗಾಗಿ ಪ್ರಾರ್ಥಿಸುತ್ತಾ ಪ್ರಾಣ ಬಿಡುತ್ತಾರೆ. ಕಲ್ಲೆಸೆಯುವವರು ತಮ್ಮ ಮೇಲುಹೊದಿಕೆಗಳನ್ನು ಕಳಚಿ ಸೌಲನೆಂಬ ತರುಣನ ಪಾದದ ಬಳಿ ಇಡುತ್ತಾರೆ. ತೊಟ್ಟಿಲಿನ ಪಕ್ಕದಲ್ಲಿಯೇ ಈ ಕಲ್ಲುಗಳನ್ನು ಧರ್ಮಸಭೆ ಏಕೆ ಇರಿಸಿದೆ ಎಂಬುದನ್ನು ಗುರುಮಠದಲ್ಲಿ ನಮಗೆ ಚೆನ್ನಾಗಿಯೇ ಬೋಧಿಸಿದ್ದರು. ಆದರೂ ಆ ಪಾಠ ನನಗೆ ಅರ್ಥವಾದದ್ದು ಬಹಳ ತಡವಾಗಿ, ಅದೂ ಒಂದು ಕಾಲ್ಚೆಂಡಾಟದ ಕಥೆಯ ಮೂಲಕ. ಆ ಕಥೆಯನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ. ಇದರಲ್ಲಿ ಅರ್ಧ ಇಂಗ್ಲೆಂಡಿನ ಚರಿತ್ರೆ. ಉಳಿದರ್ಧ ನನ್ನ ತಪ್ಪೊಪ್ಪಿಗೆ.

ಕೆಲವು ವರ್ಷಗಳ ಹಿಂದೆ ಉತ್ತರ ಇಂಗ್ಲೆಂಡಿನ ಶೆಫೀಲ್ಡ್ ನಗರದ ಒಂದು ಧರ್ಮಕೇಂದ್ರದಲ್ಲಿ ಎರಡು ತಿಂಗಳ ಸೇವೆಗೆಂದು ಹೋಗಿದ್ದೆ. ಅಲ್ಲಿನ ವಿಚಾರಣಾ ಗುರುಗಳು ಚಿಕಿತ್ಸೆಯಲ್ಲಿದ್ದರು. ಅವರ ಸ್ಥಾನದಲ್ಲಿ ಕ್ರಿಸ್ಮಸ್ ಕಾಲವನ್ನು ನಡೆಸಿಕೊಡುವುದು ನನ್ನ ಹೊಣೆ. ಶೆಫೀಲ್ಡ್ ಉಕ್ಕಿನ ಊರು, ಚೂರಿ ಚಮಚಗಳ ಊರು. ನಗರದ ಮಧ್ಯದಲ್ಲಿ ಸಂತ ಮರಿಯಮ್ಮನವರ ಪ್ರಧಾನಾಲಯವಿದೆ. ಆದರೆ ಧರ್ಮಕ್ಷೇತ್ರದ ಹೆಸರು ಮಾತ್ರ ಶೆಫೀಲ್ಡ್ ಅಲ್ಲ, ‘ಹ್ಯಾಲಂ’. 1980ರಲ್ಲಿ ಲೀಡ್ಸ್ ಮತ್ತು ನಾಟಿಂಗ್‌ಹ್ಯಾಂ ಧರ್ಮಕ್ಷೇತ್ರಗಳ ಭಾಗಗಳನ್ನು ಕೂಡಿಸಿ ಈ ಹೊಸ ಧರ್ಮಕ್ಷೇತ್ರವನ್ನು ರಚಿಸಿದಾಗ ಆ ಸೀಮೆಯ ಪುರಾತನ ಹೆಸರನ್ನೇ ಇಟ್ಟರಂತೆ. ಕ್ರಿಸ್ಮಸ್ಸಿನ ಮರುದಿನ ಪೂಜೆ ಮುಗಿಸಿ ಪೂಜಾವಸ್ತ್ರ ಕಳಚುತ್ತಿದ್ದಾಗ, ದೇವಾಲಯದ ಕೆಲಸಗಳಲ್ಲಿ ನೆರವಾಗುತ್ತಿದ್ದ ಒಬ್ಬ ಹಿರಿಯ ವಿಶ್ವಾಸಿ ಬಂದರು. ನಿವೃತ್ತ ಉಕ್ಕಿನ ಕಾರ್ಖಾನೆಯ ಕೆಲಸಗಾರರು. ನಾನು ಗುರುಮಠದಲ್ಲಿ ಚೆಂಡಾಡುತ್ತಿದ್ದೆನೆಂದು ಮಾತಿನ ನಡುವೆ ಹೇಳಿದ್ದು ಅವರಿಗೆ ನೆನಪಿತ್ತು. “ಇವತ್ತೇ ನೋಡಬೇಕಾದ ಜಾಗ ಒಂದಿದೆ, ಬನ್ನಿ” ಎಂದು ತಮ್ಮ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ನಗರದ ಪಶ್ಚಿಮದ ಗುಡ್ಡವನ್ನು ಹತ್ತಿಸಿದರು.

ಅದು ಕ್ರಾಸ್‌ಪೂಲ್ ಎಂಬ ಬಡಾವಣೆ. ಮನೆಗಳ ನಡುವೆ ಒಂದು ಆಟದ ಬಯಲು. ಅಂದು ಅಲ್ಲಿ ಆಟವಿರಲಿಲ್ಲ. ಬೇಲಿಯ ಈಚೆಯಿಂದಲೇ ನೋಡಿದೆವು. ಮೈದಾನ ಸಮತಟ್ಟಾಗಿರಲಿಲ್ಲ, ಒಂದು ಕಡೆಗೆ ಕಣ್ಣಿಗೆ ಕಾಣುವಷ್ಟು ವಾಲಿತ್ತು. ನಮ್ಮೂರಿನ ಯಾವ ದೇವಾಲಯದ ಅಂಗಳವೂ ಇದಕ್ಕಿಂತ ಚೆನ್ನಾಗಿದೆಯಲ್ಲ ಎಂದುಕೊಂಡೆ. ಹಿರಿಯರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಈ ಸ್ಯಾಂಡಿಗೇಟ್ ಮೈದಾನವನ್ನು ಜಗತ್ತಿನ ಅತ್ಯಂತ ಹಳೆಯ ಕಾಲ್ಚೆಂಡು ಮೈದಾನವೆಂದು ಗಿನ್ನೆಸ್ ದಾಖಲೆ ಗುರುತಿಸಿದೆ. ಎರಡು ಕಾಲ್ಚೆಂಡು ಕ್ಲಬ್ಬುಗಳು ಪರಸ್ಪರ ಎದುರಾದ ಮೊದಲ ಪಂದ್ಯ ಎಂದು ಹೆಸರಾದ ಆಟ ಇಲ್ಲಿ ನಡೆದದ್ದು 1860ರ ಡಿಸೆಂಬರ್ 26ರಂದು, ಸಂತ ಸ್ತೇಫನರ ಹಬ್ಬದ ದಿನ.

ಆ ದಿನವನ್ನು ಆಂಗ್ಲರು ‘ಬಾಕ್ಸಿಂಗ್ ಡೇ’ ಎನ್ನುತ್ತಾರೆ. ಹೆಸರು ಕೇಳಿ ಅದು ಗುದ್ದಾಟದ ದಿನವೆಂದು ನಾನು ಚಿಕ್ಕಂದಿನಲ್ಲಿ ಭಾವಿಸಿದ್ದುಂಟು. ಇಲ್ಲಿ ಬಾಕ್ಸ್ ಎಂದರೆ ಪೆಟ್ಟಿಗೆ. ಹಬ್ಬದ ಮರುದಿನ ಆಳುಕಾಳುಗಳಿಗೆ, ವರ್ಷವಿಡೀ ಮನೆಗೆ ಸರಕು ತಂದುಕೊಟ್ಟವರಿಗೆ ಇನಾಮು ಕೊಡುವ ಪದ್ಧತಿಯಿಂದ ಬಂದ ಹೆಸರು. ಹಿಂದಿನ ದಿನವೆಲ್ಲ ಧಣಿಗಳ ಮನೆಯಲ್ಲಿ ದುಡಿದವರಿಗೆ ಆ ದಿನ ಬಿಡುವು. ಬಿಡುವಿದ್ದಲ್ಲಿ ಆಟ.

ಶೆಫೀಲ್ಡ್ ಕಾಲ್ಚೆಂಡು ಕ್ಲಬ್ ಹುಟ್ಟಿದ್ದು 1857ರ ಅಕ್ಟೋಬರ್ 24ರಂದು. ನಥಾನಿಯೇಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಎಂಬ ಇಬ್ಬರು ಗೆಳೆಯರು ಅದರ ಸ್ಥಾಪಕರು. ಮೊದಮೊದಲು ಅವರಿಗೆ ಎದುರಾಳಿ ಕ್ಲಬ್ಬುಗಳೇ ಇರಲಿಲ್ಲ. ತಮ್ಮ ಸದಸ್ಯರನ್ನೇ ಎರಡು ಪಾಲು ಮಾಡಿಕೊಂಡು ಆಡುತ್ತಿದ್ದರು. ಆಟದ ನಿಯಮಗಳನ್ನೂ ಅವರೇ 1858ರಲ್ಲಿ ಬರೆದುಕೊಂಡರು. ಎದುರಾಳಿಯನ್ನು ಕೈಯಿಂದ ತಳ್ಳಬಹುದು, ಆದರೆ ಕಾಲಿಗೆ ಒದೆಯುವುದಾಗಲಿ ತೊಡರಿಸಿ ಕೆಡಹುವುದಾಗಲಿ ಯಾವ ಸಂದರ್ಭದಲ್ಲೂ ಸಲ್ಲದು ಎಂಬುದು ಅವುಗಳಲ್ಲೊಂದು. ಇಡೀ ಇಂಗ್ಲೆಂಡಿಗೆ ಒಂದು ನಿಯಮಾವಳಿ ಕೊಡಲು ಲಂಡನ್ನಿನಲ್ಲಿ ಕಾಲ್ಚೆಂಡು ಸಂಸ್ಥೆ ಹುಟ್ಟಿದ್ದು ಆಮೇಲೆ, 1863ರಲ್ಲಿ. 1860ರಲ್ಲಿ ಗುಡ್ಡದ ಮೇಲಿನ ಹ್ಯಾಲಂ ಭಾಗದವರು ತಮ್ಮ ಕ್ರಿಕೆಟ್ ಬಳಗದಿಂದಲೇ ಒಂದು ಕಾಲ್ಚೆಂಡು ಕ್ಲಬ್ ಕಟ್ಟಿದರು. ಕೆಳಗೆ ನಗರದ ಅನುಕೂಲಸ್ಥ ತರುಣರು. ಮೇಲೆ ಊರಂಚಿನ ಹ್ಯಾಲಮಿನವರು. ಆ ವರ್ಷದ ಬಾಕ್ಸಿಂಗ್ ಡೇಯಂದು ಕೆಳಗಿನವರು ಗುಡ್ಡ ಹತ್ತಿ ಬಂದರು. ಎದುರಾಳಿಗಳಿಗಿಂತ ಕಡಿಮೆ ಸಂಖ್ಯೆಯಲ್ಲಿದ್ದರೂ ಎರಡು ಗೋಲುಗಳಿಂದ ಗೆದ್ದರು. ಕತ್ತಲಾವರಿಸಿದಾಗ ಆಟ ಮುಗಿಯಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲವೆಂದೂ ಸ್ನೇಹದಿಂದಲೇ ಎಲ್ಲವೂ ನಡೆಯಿತೆಂದೂ ಊರಿನ ಪತ್ರಿಕೆ ಬರೆಯಿತು.

ಆದರೆ ಆ ಸ್ನೇಹ ಬಹುಕಾಲ ಹಾಗೆಯೇ ಉಳಿಯಲಿಲ್ಲ. ಎರಡೇ ವರ್ಷಗಳಲ್ಲಿ, 1862ರ ಡಿಸೆಂಬರ್ 29ರಂದು, ಇದೇ ಎರಡು ತಂಡಗಳು ನಗರದ ಬ್ರಾಮಲ್ ಲೇನ್ ಮೈದಾನದಲ್ಲಿ ಎದುರಾದವು. ಅದು ಅಲ್ಲಿಯವರೆಗೆ ಕ್ರಿಕೆಟ್ ಮೈದಾನ. ಅಲ್ಲಿ ನಡೆದ ಮೊದಲ ಕಾಲ್ಚೆಂಡಾಟವೇ ಇದು. ಪಂದ್ಯದ ಉದ್ದೇಶ ಪುಣ್ಯಕಾರ್ಯ. ನೆರೆಯ ಲ್ಯಾಂಕಷೈರ್ ಸೀಮೆಯಲ್ಲಿ ಆಗ ಹಸಿವು. ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ 1861ರಲ್ಲಿ ಅಂತರ್ಯುದ್ಧ ಭುಗಿಲೆದ್ದಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತ್ತು. ಗುಲಾಮರು ಬಿಡಿಸಿದ ಹತ್ತಿ ಬರುವುದು ನಿಂತು ಲ್ಯಾಂಕಷೈರಿನ ಗಿರಣಿಗಳು ಬಾಗಿಲು ಹಾಕಿದವು; ಲಕ್ಷಾಂತರ ಮಂದಿ ದಾನದ ಗಂಜಿಗೆ ಕೈಯೊಡ್ಡುವಂತಾಯಿತು. ಅವರ ಪರಿಹಾರ ನಿಧಿಗಾಗಿ ಶೆಫೀಲ್ಡಿನವರೂ ಹ್ಯಾಲಮಿನವರೂ ಆಡಲು ಒಪ್ಪಿದರು.

ಈ ಹತ್ತಿಯ ಬರಗಾಲ ಕನ್ನಡನಾಡಿಗೂ ಅಪರಿಚಿತವಲ್ಲ. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲಿಯೇ ಅಮೆರಿಕದ ಹತ್ತಿಯನ್ನು ತಂದು ಬೆಳೆಸಿದ್ದರು. ‘ಧಾರವಾಡ-ಅಮೆರಿಕನ್’ ಎಂದೇ ಅದಕ್ಕೆ ಹೆಸರು. ಅಲ್ಲಿ ಗಿರಣಿಗಳು ಮುಚ್ಚಿದಾಗ ಇಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಅದೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರದ ಬಂದರಿನಿಂದ ಧಾರವಾಡದ ಹತ್ತಿಯನ್ನು ಸಾಗಿಸುವ ಆಸೆಯಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಏರಿದ್ದ ರೈತ ಕೆಳಗೆ ಬಿದ್ದ. ಒಂದು ದೇಶದ ಸಂಕಟ ಇನ್ನೊಂದು ದೇಶದ ಹಿಗ್ಗಾಗಿ, ಆ ಹಿಗ್ಗು ಮತ್ತೆ ಸಂಕಟವಾಗಿ ಸುತ್ತುವುದು ಹೊಸದೇನಲ್ಲ. ಆ ಕಾಲದ ಹಸಿದವರಲ್ಲಿ ಒಂದು ದೊಡ್ಡತನವೂ ಇತ್ತೆಂಬುದನ್ನು ಇಲ್ಲಿ ಹೇಳದಿರಲಾರೆ. ಈ ಪಂದ್ಯ ನಡೆದ ಎರಡೇ ದಿನಗಳ ಮೇಲೆ, ಡಿಸೆಂಬರ್ 31ರಂದು, ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ತಮ್ಮ ಹೊಟ್ಟೆಗೆ ಹೊಡೆತ ಬಿದ್ದರೂ ಗುಲಾಮಗಿರಿಯನ್ನು ತೊಡೆಯುವ ಕಾರ್ಯಕ್ಕೆ ತಮ್ಮ ಬೆಂಬಲವುಂಟೆಂದು ಅಬ್ರಹಾಂ ಲಿಂಕನ್ನರಿಗೆ ಬರೆದರು. 1863ರ ಜನವರಿ 19ರಂದು ಲಿಂಕನ್ ಬರೆದ ಉತ್ತರದಲ್ಲಿ ಅವರ ನಡೆಯನ್ನು ಉದಾತ್ತವಾದ ಕ್ರೈಸ್ತ ವೀರತ್ವವೆಂದು ಕೊಂಡಾಡಿದರು.

ಇಂಥವರ ಅನ್ನಕ್ಕಾಗಿ ಏರ್ಪಟ್ಟ ಆಟದಲ್ಲಿ ನಡೆದದ್ದೇನು? ಮೂರು ಗಂಟೆಗಳ ಕಾಲ ಆಡಿದರೂ ಎರಡೂ ಕಡೆ ಒಂದು ಗೋಲೂ ಆಗಲಿಲ್ಲ. ನಡುವೆ ಶೆಫೀಲ್ಡಿನ ಮೇಜರ್ ಕ್ರೆಸ್ವಿಕ್ ಅವರಿಗೂ ಹ್ಯಾಲಮಿನ ವಾಟರ್‌ಫಾಲ್ ಎಂಬವರಿಗೂ ಜಟಾಪಟಿಯಾಯಿತು. ಪತ್ರಿಕೆಯ ವರದಿಯಂತೆ ಮೇಜರರ ಕೈ ಆಕಸ್ಮಿಕವಾಗಿ ವಾಟರ್‌ಫಾಲ್ ಅವರಿಗೆ ತಗಲಿತು. ಅವರು ಕೆರಳಿ ಮೇಜರರ ಮೇಲೆ ಏರಿಹೋಗಿ ಹಲವು ಬಾರಿ ಹೊಡೆದರು, ಮೇಲಂಗಿಯ ವೇಸ್ಟ್‌ಕೋಟನ್ನು ಕಳಚಿ ಎಸೆದು ಕಾಳಗಕ್ಕೇ ನಿಂತರು. ಮೇಜರರು ಮಾತ್ರ ತಾಳ್ಮೆಗೆಡದೆ ಒಂದು ಏಟನ್ನೂ ಹಿಂದಿರುಗಿಸಲಿಲ್ಲ. ನೋಡುತ್ತಿದ್ದವರಲ್ಲೂ ಪಕ್ಷಗಳಾದವು. ಹೇಗೋ ಸಮಾಧಾನಪಡಿಸಿ ಆಟ ಮುಂದುವರಿಸಿದರು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಈ ವರದಿ ಪಕ್ಷಪಾತದ್ದೆಂದು ಹ್ಯಾಲಮಿನವರು ಪತ್ರಿಕೆಗೆ ಬರೆದರು. ಅವರ ಪ್ರಕಾರ ಹೊಡೆಯುವೆನೆಂದು ಮೊದಲೇ ಬೆದರಿಸಿದ್ದವರು ಮೇಜರರು; ಪಂಚರ ತೀರ್ಪಿಗಾಗಿ ಎಲ್ಲರೂ ಕಾಯುತ್ತಿರುವಾಗ ಚೆಂಡನ್ನು ಕಿತ್ತುಕೊಂಡು ಓಡಿದವರೂ ಅವರೇ; ಮೊದಲ ಏಟು ಕೊಟ್ಟವರೂ ಅವರೇ.

ಯಾರದು ಸತ್ಯ? ಆಗ ಮೈದಾನದ ನಡುವೆ ಸೀಟಿ ಹಿಡಿದು ಓಡುವ ಏಕೈಕ ತೀರ್ಪುಗಾರನಿರಲಿಲ್ಲ. ಅಂಥ ಅಧಿಕಾರದ ರೆಫರಿ ಬಂದದ್ದು 1891ರಲ್ಲಿ. ಅಂದಿನ ಸತ್ಯ ಇಂದಿಗೂ ಎರಡು ಪತ್ರಗಳಲ್ಲಿ ಎರಡಾಗಿಯೇ ಉಳಿದಿದೆ. ವೇಸ್ಟ್‌ಕೋಟು ಕಳಚಿ ಎಸೆದ ಸಂಗತಿಯನ್ನು ಹಿರಿಯರು ನಗುತ್ತಾ ಹೇಳುತ್ತಿದ್ದರೆ ನನಗೆ ಅಂದು ಮುಂಜಾನೆ ಓದಿದ ವಾಚನ ನೆನಪಾಯಿತು. ಕಲ್ಲೆಸೆಯುವ ಮುನ್ನ ಜನರು ಮೇಲುಹೊದಿಕೆಗಳನ್ನು ಕಳಚಿಟ್ಟದ್ದು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನದೇ ಒಂದು ಡಿಸೆಂಬರ್ 26 ನೆನಪಾಗಿ ನಗು ಬರಲಿಲ್ಲ. “ಆ ಜಗಳದ ಮೇಲೆ ಪಂದ್ಯವನ್ನು ನಿಲ್ಲಿಸಿದವರು ಯಾರು?” ಎಂದು ಕೇಳಿದೆ. ಹಿರಿಯರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. “ನಿಲ್ಲಿಸುವುದೇ? ಏಕೆ?” ಎಂದರು. “ಮುಂದಿನ ಪಂದ್ಯದಲ್ಲಿ ಸರಿಮಾಡಿಕೊಳ್ಳಬೇಕಿತ್ತಲ್ಲ!”

ನಿಜ, ಯಾರೂ ನಿಲ್ಲಿಸಲಿಲ್ಲ. ಮೇಲಿನವರೂ ಕೆಳಗಿನವರೂ ಆಡುತ್ತಲೇ ಹೋದರು. ಆಡುತ್ತಾ ಆಡುತ್ತಾ ನಿಯಮಗಳನ್ನು ತಿದ್ದಿದರು. ಮೂಲೆಯ ಒದೆತ, ಗೋಲುಕಂಬಗಳ ಮೇಲಿನ ಅಡ್ಡಪಟ್ಟಿ ಮುಂತಾದವು ಬೇರೂರಿದ್ದು ಶೆಫೀಲ್ಡಿನ ಆ ಆಟಗಳಲ್ಲಿಯೇ. 1877ರಲ್ಲಿ ಶೆಫೀಲ್ಡಿನ ನಿಯಮಗಳೂ ಲಂಡನ್ನಿನ ನಿಯಮಗಳೂ ಒಂದಾದವು. 1867ರಲ್ಲಿ ಯೂಡನ್ ಕಪ್ ಎಂಬ ಪಂದ್ಯಾವಳಿಯನ್ನು ಗೆದ್ದವರು ಹ್ಯಾಲಮಿನವರು. ಆ ಬಟ್ಟಲು ಎಲ್ಲೋ ಕಳೆದುಹೋಗಿ 1997ರಲ್ಲಿ ಅವರ ಕೈಗೆ ಮರಳಿತು. ಜಗತ್ತಿನ ಅತಿ ಹಳೆಯ ಕ್ಲಬ್ ಎಂಬ ಕಾರಣಕ್ಕೆ ಶೆಫೀಲ್ಡ್ ಕ್ಲಬ್ಬನ್ನು ಫೀಫಾ 2004ರಲ್ಲಿ ಗೌರವಿಸಿತು. 2007ರಲ್ಲಿ ಅದರ 150ನೆಯ ವರ್ಷದ ಸಂಭ್ರಮಕ್ಕೆ ಪೆಲೆ ಅವರೇ ಬಂದಿದ್ದರು. ಇಷ್ಟಾದರೂ ಈ ಎರಡು ಕ್ಲಬ್ಬುಗಳು ದೊಡ್ಡ ಹಣದ ಲೋಕಕ್ಕೆ ಏರಲಿಲ್ಲ. ಅದೇ ಊರಿನಲ್ಲಿ 1867ರಲ್ಲಿ ಹುಟ್ಟಿದ ವೆನ್ಸ್‌ಡೇ, 1889ರಲ್ಲಿ ಹುಟ್ಟಿದ ಯುನೈಟೆಡ್ ತಂಡಗಳು ಆ ಹಾದಿ ಹಿಡಿದವು. 1979ರ ಬಾಕ್ಸಿಂಗ್ ಡೇಯಂದು ವೆನ್ಸ್‌ಡೇ ತಂಡ ಯುನೈಟೆಡ್ಡನ್ನು 4-0 ಅಂತರದಿಂದ ಸೋಲಿಸಿದಾಗ ಮೈದಾನದಲ್ಲಿದ್ದವರು 49,309 ಮಂದಿ. ಊರವರು ಅದನ್ನು ಇಂದಿಗೂ ‘ಬಾಕ್ಸಿಂಗ್ ಡೇ ಹತ್ಯಾಕಾಂಡ’ ಎಂದೇ ಕರೆಯುತ್ತಾರೆ. ರಕ್ತಸಾಕ್ಷಿಯ ಹಬ್ಬದ ದಿನದ ಆಟಕ್ಕೆ ಇಂಥ ಹೆಸರು! ಆದರೆ ಆ ಹತ್ಯಾಕಾಂಡದಲ್ಲಿ ಸತ್ತವರು ಯಾರೂ ಇಲ್ಲ. ಗೆದ್ದವರು ನಾಲ್ಕು ದಶಕಗಳಿಂದ ಸೋತವರನ್ನು ಚುಡಾಯಿಸುತ್ತಿದ್ದಾರೆ, ಅಷ್ಟೆ. ಕ್ರಿಸ್ಮಸ್ ದಿನವೇ ಆಡುವ ರೂಢಿ ಆ ದೇಶದಲ್ಲಿ 1950ರ ದಶಕದ ಕೊನೆಗೆ ಕ್ಷೀಣಿಸಿ 1965ರೊಂದಿಗೆ ಮುಗಿಯಿತು. ಸ್ತೇಫನರ ಹಬ್ಬದ ಆಟ ಮಾತ್ರ ಉಳಿಯಿತು.

ಈಗ ನನ್ನ ಡಿಸೆಂಬರ್ 26ರ ಕಥೆ.

ಗುರುದೀಕ್ಷೆಯಾಗಿ ಕೆಲವು ವರ್ಷಗಳ ಬಳಿಕ ಮೊದಲ ಬಾರಿಗೆ ವಿಚಾರಣಾ ಗುರುವಾಗಿ ನಾನು ಹೋದದ್ದು ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಡುವೆ ಒಂದು ಹಳ್ಳ. ಹಳ್ಳದ ಆಚೆ ಮೇಲಿನ ಕೇರಿ, ಈಚೆ ಕೆಳಗಿನ ಕೇರಿ. ಎರಡೂ ಕಡೆ ನಮ್ಮವರೇ. ನೀರಿನ ಸರದಿಗೆ, ತೇರಿನ ದಾರಿಗೆ, ಸಮಾಧಿಭೂಮಿಯ ಮೂಲೆಗೆ ತಲೆಮಾರುಗಳಿಂದ ತಕರಾರು. ಈ ಎರಡು ಕೇರಿಗಳ ನಡುವೆ ಪ್ರತಿವರ್ಷ ಸಂತ ಸ್ತೇಫನರ ಹಬ್ಬದಂದು ದೇವಾಲಯದ ಮುಂದಿನ ಬಯಲಿನಲ್ಲಿ ಕಾಲ್ಚೆಂಡಾಟ. ಹಿಂದೆ ಇದ್ದ ಫ್ರೆಂಚ್ ಪಾದ್ರಿಯೊಬ್ಬರು ಚೆಂಡು ತಂದುಕೊಟ್ಟರೆಂದು ಹಿರಿಯರು ಹೇಳುತ್ತಿದ್ದರು. ಪಂದ್ಯಕ್ಕೆ ಬಟ್ಟಲಿಲ್ಲ, ಪದಕವಿಲ್ಲ. ಎರಡೂ ಕೇರಿಯವರು ಹಣ ಹಾಕಿ ತಂದ ಒಂದು ಟಗರು. ಗೆದ್ದ ಕೇರಿಗೆ ಟಗರು ಸೇರುತ್ತಿತ್ತು. ಆದರೆ ಅದರ ಅಡುಗೆ ಆಗಬೇಕಾದದ್ದು ಸೋತವರ ಕೇರಿಯಲ್ಲಿ, ಉಣ್ಣಬೇಕಾದದ್ದು ಎಲ್ಲರೂ ಕೂಡಿ. ಈ ವಿಚಿತ್ರ ನಿಯಮವನ್ನು ಮಾಡಿದವರು ಯಾರೋ ತಿಳಿಯದು. ಗುರುಮಠದಲ್ಲಿ ನೀತಿಶಾಸ್ತ್ರ, ದೈವಶಾಸ್ತ್ರಗಳನ್ನು ಓದಿ ಬಂದಿದ್ದ ನಾನು ಆ ನಿಯಮವನ್ನು ಹಳ್ಳಿಯವರ ತಮಾಷೆಯೆಂದೇ ಎಣಿಸಿದ್ದೆ.

ಆ ತನಕ ಸೀಟಿ ಊದುತ್ತಿದ್ದವರು ನಮ್ಮ ವೃದ್ಧ ಉಪದೇಶಿಗಳು. ಅವರಿಗೆ ಓಡಲಾಗುತ್ತಿರಲಿಲ್ಲ; ಕುರ್ಚಿಯಲ್ಲಿ ಕೂತೇ ಊದುತ್ತಿದ್ದರು. ಆ ವರ್ಷ ಸೀಟಿಯನ್ನು ನಾನು ತೆಗೆದುಕೊಂಡೆ. ಗುರುಮಠದ ತಂಡದಲ್ಲಿ ಆಡಿದ್ದೆನೆಂಬ ಹಮ್ಮು ನನ್ನಲ್ಲಿತ್ತು. ಕೊನೆಯ ಗಳಿಗೆಯವರೆಗೂ ಆಟ ಒಂದಕ್ಕೊಂದು ಗೋಲಿನಲ್ಲಿ ಸಮವಾಗಿತ್ತು. ಆಗ ಕೆಳಗಿನ ಕೇರಿಯ ಹುಡುಗನೊಬ್ಬ ಒದ್ದ ಚೆಂಡು ಬಿದಿರ ಕಂಬದ ಪಕ್ಕದಲ್ಲಿ ಹಾದುಹೋಯಿತು. ಬಲೆ ಇರಲಿಲ್ಲ. ಕಂಬದ ಒಳಗೋ ಹೊರಗೋ? ಸಂಜೆಯ ಬಿಸಿಲು ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಬಹಳ ಹಿಂದೆ ಉಳಿದಿದ್ದೆ. ನಾನು ನೋಡಿರಲಿಲ್ಲ. ನೋಡಲಿಲ್ಲವೆಂದು ಹೇಳಬಹುದಿತ್ತು. ಹೇಳದೆ ಗೋಲೆಂದು ಸೀಟಿ ಊದಿದೆ.

ಮೇಲಿನ ಕೇರಿಯವರು ಸುತ್ತುವರಿದರು. ಕೆಳಗಿನ ಕೇರಿಯವರು ಒಳನುಗ್ಗಿದರು. ತಳ್ಳಾಟದ ನಡುವೆ ಎಲ್ಲಿಂದಲೋ ಒಂದು ಕಲ್ಲು ಬಂತು. ಮೇಲಿನ ಕೇರಿಯ ಗೋಲುಕಾಯುವ ಹುಡುಗನ ಹಣೆ ಒಡೆದು ರಕ್ತ ಸುರಿಯಿತು. ಅವನಿಗೆ ಹದಿನೇಳು ವರ್ಷ. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿಸಿ ಕರೆತಂದಾಗ ರಾತ್ರಿಯಾಗಿತ್ತು. ಟಗರು ದೇವಾಲಯದ ಮುಂದಿನ ಹುಣಸೆಮರಕ್ಕೆ ಕಟ್ಟಿದಂತೆಯೇ ಇತ್ತು. ಉಪದೇಶಿಗಳು ಮೆಲ್ಲನೆ, “ಸ್ವಾಮಿ, ಅಡುಗೆ ಒಂದು ನಡೆದುಹೋಗಲಿ” ಎಂದರು. ನಾನು ಸಿಡಿದೆ. ರಕ್ತ ಸುರಿದ ದಿನ ಊಟವೇ? ಟಗರನ್ನು ಮಾರಿಸಿ ಹಣವನ್ನು ಕಾಣಿಕೆಡಬ್ಬಿಗೆ ಹಾಕಿಸಿದೆ. ಹೊಸವರ್ಷದ ಪೂಜೆಯಲ್ಲಿ ಸಂತ ಸ್ತೇಫನರ ಕಲ್ಲುಗಳನ್ನೇ ಆಧಾರವಾಗಿಟ್ಟುಕೊಂಡು ಉಗ್ರವಾದ ಪ್ರಬೋಧನೆ ಮಾಡಿ, ನಾನಿರುವವರೆಗೆ ಈ ಪಂದ್ಯ ನಡೆಯಕೂಡದೆಂದು ಸಾರಿದೆ. ಹಲವರು ಮೆಚ್ಚಿದರು. ಉಪದೇಶಿಗಳು ಮಾತ್ರ ಪೂಜೆಯ ಬಳಿಕ ಕೇಳಿದ ಒಂದು ಮಾತು ನನ್ನಲ್ಲಿ ಮುಳ್ಳಾಗಿ ಉಳಿಯಿತು: “ಆಟ ನಿಂತ್ರೆ ಜಗಳ ನಿಲ್ತದಾ ಸ್ವಾಮಿ?”

ಮುಂದಿನ ವರ್ಷ ಪಂದ್ಯದ ಬದಲು ಭಕ್ತಿಗೀತೆಗಳ ಸ್ಪರ್ಧೆ ಇಟ್ಟೆ. ಒಂದೇ ಕೇರಿಯವರು ಬಂದರು. ಅದರ ಮುಂದಿನ ವರ್ಷ ಅವರೂ ಬರಲಿಲ್ಲ. ಬಯಲಿನಲ್ಲಿ ಹುಲ್ಲು ಬೆಳೆಯಿತು. ತೇರಿನ ದಾರಿಯ ತಕರಾರು ಪೊಲೀಸ್ ಠಾಣೆಯವರೆಗೆ ಹೋಯಿತು. ಹಳ್ಳದ ಆಚೆಗೂ ಈಚೆಗೂ ಹೆಣ್ಣು ಕೊಟ್ಟು ತರುವುದು ಕಡಿಮೆಯಾಯಿತು. ಎರಡು ಕೇರಿಯವರು ಗದ್ದಲವಿಲ್ಲದೆ, ರಕ್ತವಿಲ್ಲದೆ, ಒಬ್ಬರ ಮುಖ ಒಬ್ಬರು ನೋಡದೆ ಬಾಳಲು ಕಲಿತರು. ಅದನ್ನೇ ನಾನು ಶಾಂತಿಯೆಂದು ಕರೆದು ವರ್ಗಾವಣೆ ಪಡೆದು ಹೊರಟುಹೋದೆ.

ಶೆಫೀಲ್ಡಿನಿಂದ ಮರಳಿದ ಮೇಲೆ, ಇತ್ತೀಚೆಗೆ, ಆ ಉಪದೇಶಿಗಳ ಅಂತ್ಯಕ್ರಿಯೆಗೆಂದು ಆ ಊರಿಗೆ ಹೋಗಿದ್ದೆ. ಸಮಾಧಿಭೂಮಿಯಿಂದ ಹಿಂದಿರುಗುವಾಗ ಹಣೆಯ ಮೇಲೆ ಗಾಯದ ಗುರುತಿದ್ದ ವ್ಯಕ್ತಿಯೊಬ್ಬ ಬಂದು ಕೈಮುಗಿದ. ಅದೇ ಹುಡುಗ, ಈಗ ಎರಡು ಮಕ್ಕಳ ತಂದೆ. ನಾನು ಏನು ಮಾತಾಡಬೇಕೆಂದು ತಿಳಿಯದೆ ಅವನ ಹಣೆಯನ್ನೇ ನೋಡುತ್ತಿದ್ದೆ. ಅವನೇ ನಕ್ಕ.

“ಅದು ಗೋಲಲ್ಲ ಸ್ವಾಮಿ. ಕಂಬದ ಹೊರಗಡೆ ಹೋಯ್ತು.”

“ನಾನು ನೋಡಿರಲಿಲ್ಲ” ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಗೊತ್ತು ಸ್ವಾಮಿ. ನಮಗೆಲ್ಲಾ ಗೊತ್ತಿತ್ತು.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ: “ಕಲ್ಲು ಹೊಡೆದವನು ಅವತ್ತು ರಾತ್ರಿನೇ ಅವರವ್ವನ ಜೊತೆ ನಮ್ಮನೆಗೆ ಬಂದಿದ್ದ. ಅತ್ತ. ನಮ್ಮಪ್ಪ ಬೈದು, ಆಮೇಲೆ ಕಾಫಿ ಕೊಡಿಸಿದ್ರು. ಟಗರು ಇದ್ದಿದ್ರೆ ಎರಡು ಕೇರಿಗೂ ಅವತ್ತೇ ಮುಗಿದುಹೋಗ್ತಿತ್ತು. ನೀವು ಮಾರಿಸಿಬಿಟ್ರಿ.”

ಅವನ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಅದಕ್ಕೇ ಅದು ಆಳಕ್ಕೆ ಇಳಿಯಿತು. ಕಲ್ಲು ಹೊಡೆಸಿಕೊಂಡವನೂ ಕಲ್ಲು ಹೊಡೆದವನೂ ಅಂದು ರಾತ್ರಿಯೇ ರಾಜಿಯಾಗಿದ್ದರು. ರಾಜಿಯಾಗದೆ ಉಳಿದವನು ನಾನೊಬ್ಬನೇ. ಹುಡುಗನ ರಕ್ತವನ್ನು ಕಂಡು ಪಂದ್ಯ ನಿಲ್ಲಿಸಿದೆನೆಂದು ಇಷ್ಟು ವರ್ಷ ನಂಬಿದ್ದೆ. ಅದು ಪೂರ್ತಿ ನಿಜವಲ್ಲ. ಪಂದ್ಯ ಮತ್ತೆ ನಡೆದರೆ ಆ ಗೋಲಿನ ಮಾತು ಮತ್ತೆ ಬರುತ್ತಿತ್ತು. ಸೀಟಿ ಊದಿದವನ ಮಾತು ಬರುತ್ತಿತ್ತು. ನನ್ನ ತಪ್ಪು ತೀರ್ಪನ್ನು ಮುಚ್ಚಲು ಇಡೀ ಊರಿನ ಆಟವನ್ನೇ ಮುಚ್ಚಿದ್ದೆ. ಅದಕ್ಕೆ ಸಂತ ಸ್ತೇಫನರ ಹೆಸರನ್ನೂ ಬಳಸಿಕೊಂಡಿದ್ದೆ.

ಗೋಧಿಯ ನಡುವೆ ಬೆಳೆದ ಕಳೆಯನ್ನು ಕೀಳಲು ಹೊರಟ ಆಳುಗಳನ್ನು ಯಜಮಾನ ತಡೆದ ಸಾಮತಿಯನ್ನು ನಾನು ಎಷ್ಟು ಸಲ ಬೋಧಿಸಿದ್ದೇನೋ ಲೆಕ್ಕವಿಲ್ಲ. ಕಳೆಯೊಡನೆ ಗೋಧಿಯೂ ಕಿತ್ತುಬಂದೀತು ಎಂಬ ಯಜಮಾನನ ಭಯ ಎಷ್ಟು ನಿಜವೆಂದು ಆ ಸಮಾಧಿಭೂಮಿಯ ದಾರಿಯಲ್ಲಿ ತಿಳಿಯಿತು. ನಾನು ಕಿತ್ತದ್ದು ಜಗಳವನ್ನಲ್ಲ. ಅದರ ಬೇರು ಬೇರೆಲ್ಲೋ ಇತ್ತು. ಕಿತ್ತದ್ದು ವರ್ಷಕ್ಕೊಮ್ಮೆ ಎರಡು ಕೇರಿಗಳು ಒಂದೇ ಬಯಲಿಗೆ ಬರುತ್ತಿದ್ದ, ಸೋತವರ ಒಲೆಯ ಮುಂದೆ ಗೆದ್ದವರು ಕೂರುತ್ತಿದ್ದ ಆ ಒಂದು ಸಂಜೆಯನ್ನು. ಶೆಫೀಲ್ಡಿನಲ್ಲಿ ಹಸಿದವರಿಗಾಗಿ ಆಡಿದ ಆಟವೇ ಹೊಡೆದಾಟವಾಯಿತು. ಆದರೂ ಅವರು ನಿಯಮ ತಿದ್ದಿಕೊಂಡು ಮತ್ತೆ ಆಡಿದರು. ನಮ್ಮ ಹಳ್ಳಿಯವರು ಅವರಿಗಿಂತ ಒಂದು ಹೆಜ್ಜೆ ಮುಂದಿದ್ದರು. ಸಂಧಾನದ ನಿಯಮವನ್ನು ಆಟದೊಳಗೇ ಇಟ್ಟಿದ್ದರು. ಓದಿದವನಾದ ನನಗೆ ಅದು ಓದಲು ಬರಲಿಲ್ಲ.

ಪೈಪೋಟಿಯಿಲ್ಲದ ಊರಿಲ್ಲ. ಪ್ರಭು ಯೇಸುವಿನ ಶಿಷ್ಯರಲ್ಲಿಯೂ ತಮ್ಮಲ್ಲಿ ದೊಡ್ಡವರು ಯಾರೆಂಬ ವಾದ ನಡೆಯಿತು. ಅದೂ ಕಡೆಯ ಭೋಜನದ ಮೇಜಿನಲ್ಲಿ. ಪ್ರಭು ಆ ಮೇಜನ್ನು ಎತ್ತಿಸಲಿಲ್ಲ, ಊಟವನ್ನು ನಿಲ್ಲಿಸಲಿಲ್ಲ. ಬಲಿಪೀಠದ ಮುಂದೆ ಕಾಣಿಕೆಯನ್ನಿಟ್ಟು ಮೊದಲು ಸೋದರನೊಡನೆ ರಾಜಿಯಾಗು ಎಂದ ಪ್ರಭುವಿನ ಆಜ್ಞೆಯನ್ನು ನಾವು ಬಲ್ಲೆವು. ಆ ಸೋದರನನ್ನು ಎದುರಾಗುವ ಬಯಲನ್ನೇ ಮುಚ್ಚಿಬಿಟ್ಟರೆ ರಾಜಿಯಾಗುವುದೆಲ್ಲಿ? ಸಂತ ಸ್ತೇಫನರ ಪ್ರಾರ್ಥನೆ ಕೇಳಿಸಿದ್ದು ಕಲ್ಲೆಸೆಯುವವರು ಹತ್ತಿರವಿದ್ದುದರಿಂದ. ಆ ಬಟ್ಟೆಗಳನ್ನು ಕಾಯುತ್ತಾ ನಿಂತಿದ್ದ ಸೌಲನೇ ಮುಂದೆ ಸಂತ ಪೌಲರಾಗಿ ಓಟದ, ಕುಸ್ತಿಯ ಹೋಲಿಕೆಗಳಲ್ಲಿ ವಿಶ್ವಾಸದ ಬಾಳನ್ನು ವಿವರಿಸಿದರು. ತೊಟ್ಟಿಲಿನ ಪಕ್ಕ ಕಲ್ಲುಗಳನ್ನು ಧರ್ಮಸಭೆ ಇರಿಸಿದ್ದು ನಾವು ಬೆದರಿ ಓಡಲೆಂದಲ್ಲ. ಕಲ್ಲುಗಳಿರುವ ಲೋಕಕ್ಕೇ ಆ ಶಿಶು ಬಂದನೆಂದು ತಿಳಿಯಲೆಂದು.

ಆ ಧರ್ಮಕೇಂದ್ರದ ಈಗಿನ ವಿಚಾರಣಾ ಗುರುಗಳಿಗೆ ಒಂದು ಪತ್ರ ಬರೆದೆ. ನಡೆದದ್ದನ್ನೆಲ್ಲ ತಿಳಿಸಿ, ಸಂತ ಸ್ತೇಫನರ ಹಬ್ಬದಂದು ಆ ಬಯಲನ್ನು ಮತ್ತೆ ಮಕ್ಕಳಿಗೆ ಬಿಟ್ಟುಕೊಡಬಹುದೇ ಎಂದು ಕೇಳಿದೆ. ಅವರು ನನಗಿಂತ ಬಹಳ ಕಿರಿಯರು. ಉತ್ತರ ಎರಡೇ ಸಾಲು: “ನಿಲ್ಲಿಸಿದವರು ನೀವು ಫಾದರ್. ಬಂದು ಅದೇ ಪೀಠದಿಂದ ನೀವೇ ಹೇಳಿ; ನಾನು ಚೆಂಡು ತಂದಿಡುತ್ತೇನೆ.”

ಓದಿದಾಗ ಮೊದಲು ಮುಜುಗರವಾಯಿತು. ಹೋಗದಿರಲು ನಾಲ್ಕಾರು ಕಾರಣಗಳೂ ಹೊಳೆದವು. ಆದರೆ ಇತರರ ಪಾಪನಿವೇದನೆಯನ್ನು ಮೂವತ್ತು ವರ್ಷ ಆಲಿಸಿದವನಿಗೆ ತನ್ನದನ್ನು ಹೇಳಿಕೊಳ್ಳಲು ಇದಕ್ಕಿಂತ ತಕ್ಕ ಪೀಠ ಸಿಗಲಾರದು. ಬರುವ ಡಿಸೆಂಬರ್ 26ರಂದು ನಾನು ಹೋಗುತ್ತಿದ್ದೇನೆ. ಪ್ರಬೋಧನೆ ಚಿಕ್ಕದಾಗಿರುತ್ತದೆ. ಆ ಗೋಲನ್ನು ನಾನು ನೋಡಿರಲಿಲ್ಲವೆಂದು ಹೇಳಬೇಕು. ಸೀಟಿಯನ್ನು ಬೇರೆಯವರಿಗೆ ಕೊಡಬೇಕು. ಟಗರಿನ ಹಣಕ್ಕೆ ನನ್ನ ಪಾಲನ್ನು ಈಗಾಗಲೇ ಕಳುಹಿಸಿದ್ದೇನೆ. ಎರಡು ಕೇರಿಯವರು ಬರುವರೋ ಇಲ್ಲವೋ, ಆ ಹಳೆಯ ನಿಯಮ ಎಷ್ಟು ಮಂದಿಗೆ ನೆನಪಿದೆಯೋ ದೇವರೇ ಬಲ್ಲ. ಓದುಗರು ಅಂದಿನ ಪೂಜೆಯಲ್ಲಿ ಆ ಎರಡು ಕೇರಿಗಳನ್ನೂ ನನ್ನನ್ನೂ ನೆನೆಯಬೇಕೆಂದು ಬೇಡುತ್ತೇನೆ. ನಿಮ್ಮ ಊರಿನಲ್ಲಿಯೂ ಯಾರಾದರೂ ಮುಚ್ಚಿಬಿಟ್ಟ ಬಯಲೊಂದಿದ್ದರೆ ಈ ಕ್ರಿಸ್ಮಸ್ಸಿಗೆ ಅದರ ಬಾಗಿಲು ತೆರೆಯಲಿ.